ಬೇಬಿ ಸಿಟ್ಟಿಂಗ್ ಮನೆಗಳು ಮತ್ತು ರಜೆಯ ದಿನದ ಲೆಕ್ಕ

ಕ್ರಿಸ್ಮಸ್ ಕಳೆದು ಹೊಸ ವರ್ಷ ಕಾಲಿಟ್ಟ ಮೊದಲ ವಾರದಲ್ಲಿ ನಮ್ಮ ಬಳಿಗೆ ಬರುವ ದೂರುಗಳಲ್ಲಿ ಒಂದು ಬಗೆಯದು ಇತ್ತೀಚಿನ ವರ್ಷಗಳಲ್ಲಿ ಹೆಚ್ಚಾಗಿದೆ. ಅದು ಗಂಡಹೆಂಡಿರ ಮನಸ್ತಾಪವಲ್ಲ. ಅಣ್ಣತಮ್ಮಂದಿರ ಆಸ್ತಿ ವ್ಯಾಜ್ಯವೂ ಅಲ್ಲ. ಬೆಳಿಗ್ಗೆ ಮಗುವನ್ನು ಒಪ್ಪಿಸಿ ಸಂಜೆ ಕರೆದೊಯ್ಯುವ ಮನೆಯವರಿಗೂ ಆ ಮಗುವಿನ ತಂದೆತಾಯಿಯರಿಗೂ ನಡುವೆ ಏಳುವ ಹಣದ ತಕರಾರು. "ಡಿಸೆಂಬರ್ 24ರಿಂದ ಜನವರಿ 1ರವರೆಗೆ ಅವರು ಬಾಗಿಲು ತೆರೆಯಲೇ ಇಲ್ಲ ಸ್ವಾಮಿ, ಅಷ್ಟು ದಿನದ ಹಣ ಹಿಡಿದುಕೊಂಡೆವು, ತಪ್ಪೇ?" ಎಂದು ಒಂದು ಕಡೆಯವರು ಕೇಳುತ್ತಾರೆ. "ತಿಂಗಳಿಗಿಷ್ಟು ಎಂದು ಮಾತಾಡಿದ್ದು, ದಿನಕ್ಕಿಷ್ಟು ಎಂದಲ್ಲ, ನಮಗೆ ಹಬ್ಬ ಬೇಡವೇ ಸ್ವಾಮಿ?" ಎಂದು ಇನ್ನೊಂದು ಕಡೆಯವರು ಕೇಳುತ್ತಾರೆ. ಇಬ್ಬರೂ ಒಂದೇ ಬಲಿಪೂಜೆಗೆ ಬರುವವರು, ಹಲವೊಮ್ಮೆ ಒಂದೇ ಬೀದಿಯವರು. ಮೊತ್ತವೇನೋ ದೊಡ್ಡದಲ್ಲ. ಆದರೆ ಆ ಸಣ್ಣ ಮೊತ್ತದ ಹಿಂದೆ, ನಾವು ಕೂಲಿ ಕೊಡುವುದು ಯಾವುದಕ್ಕೆ ಎಂಬ ಬಹಳ ಹಳೆಯ ಪ್ರಶ್ನೆಯೊಂದು ಅಡಗಿ ಕುಳಿತಿದೆ. ಈ ವಾರ ಅದನ್ನು ಸ್ವಲ್ಪ ಬಿಡಿಸಿ ನೋಡೋಣವೆಂದು ನಮ್ಮ ಆಲೋಚನೆ.

ಬೆಂಗಳೂರಿನ ಜೀವನವನ್ನು ಬಲ್ಲವರಿಗೆ ಹಿನ್ನೆಲೆಯನ್ನು ವಿವರಿಸಬೇಕಾಗಿಲ್ಲ. ಗಂಡಹೆಂಡತಿ ಇಬ್ಬರೂ ದುಡಿಯದೆ ಮನೆಬಾಡಿಗೆ ಕಟ್ಟಲಾಗದು. ಅಜ್ಜ ಅಜ್ಜಿಯರು ಚಿಕ್ಕಮಗಳೂರಿನ ಕಡೆಯ ತೋಟದಲ್ಲೋ ಕೋಲಾರದ ಕಡೆಯ ಹೊಲದಲ್ಲೋ ಉಳಿದಿದ್ದಾರೆ. 2017ರಲ್ಲಿ ಹೆರಿಗೆ ಸೌಲಭ್ಯ ಕಾಯಿದೆಗೆ ತಿದ್ದುಪಡಿಯಾಗಿ, ಹೆರಿಗೆ ರಜೆ 26 ವಾರಕ್ಕೆ ಏರಿತು. 50 ಅಥವಾ ಅದಕ್ಕಿಂತ ಹೆಚ್ಚು ಮಂದಿ ದುಡಿಯುವ ಸಂಸ್ಥೆಗಳು ಶಿಶುಪಾಲನಾ ಕೊಠಡಿಯನ್ನು ಒದಗಿಸಬೇಕೆಂಬ ನಿಯಮವೂ ಬಂದಿತು. ಒಳ್ಳೆಯದೇ. ಆದರೆ ನಮ್ಮ ಧರ್ಮಕೇಂದ್ರದ ತಾಯಂದಿರಲ್ಲಿ ಹಲವರು ಹತ್ತು ಹನ್ನೆರಡು ಮಂದಿ ಇರುವ ಕಚೇರಿಗಳಲ್ಲಿ, ಔಷಧಿ ಅಂಗಡಿಗಳಲ್ಲಿ, ಸಣ್ಣ ಶಾಲೆಗಳಲ್ಲಿ ದುಡಿಯುತ್ತಾರೆ. ಅವರಿಗೆ ದೊಡ್ಡ ಡೇ ಕೇರ್ ಕೇಂದ್ರಗಳ ಶುಲ್ಕ ಕೈಗೆಟುಕದು. ಉಳಿಯುವುದು ಪಕ್ಕದ ಬೀದಿಯ ಆಂಟಿಯ ಮನೆ. ಮುಂದಿನ ಕೋಣೆಯಲ್ಲಿ ಹಾಸಿದ ಚಾಪೆ, ಮೂಲೆಯಲ್ಲಿ ಸೀರೆಯ ಜೋಲಿ, ಮಕ್ಕಳು ಹೊಸ್ತಿಲು ದಾಟದಂತೆ ಬಾಗಿಲಿಗೆ ಅಡ್ಡವಿಟ್ಟ ಹಲಗೆ, ಹೆಸರು ಬರೆದ ಹಾಲಿನ ಬಾಟಲಿಗಳ ಸಾಲು. ಬೆಳಿಗ್ಗೆ ಎಂಟರಿಂದ ಸಂಜೆ ಆರೂವರೆಯವರೆಗೆ ಅಲ್ಲಿ ನಾಲ್ಕೈದು ಮಕ್ಕಳು ಬೆಳೆಯುತ್ತವೆ.

ಈ ಮಹಿಳೆಯ ಸ್ಥಾನಮಾನ ವಿಚಿತ್ರವಾದುದು. ಆಕೆ ಯಾರ ನೌಕರಳೂ ಅಲ್ಲ. 1948ರ ಕಾರ್ಖಾನೆ ಕಾಯಿದೆಯು ಕಾರ್ಮಿಕನಿಗೆ ವಾರದ ಬಿಡುವನ್ನೂ ವರ್ಷಕ್ಕಿಷ್ಟು ದಿನ ಸಂಬಳ ಸಹಿತ ರಜೆಯನ್ನೂ ಕೊಟ್ಟಿತು. 1963ರಲ್ಲಿ ನಮ್ಮ ರಾಜ್ಯವೇ ಕೈಗಾರಿಕಾ ಸಂಸ್ಥೆಗಳಿಗಾಗಿ ರಾಷ್ಟ್ರೀಯ ಹಾಗೂ ಹಬ್ಬದ ರಜೆಗಳ ಕಾಯಿದೆಯನ್ನು ಮಾಡಿತು. 2004ರಲ್ಲಿ ಕರ್ನಾಟಕವು ಮನೆಗೆಲಸದವರಿಗೂ ಕನಿಷ್ಠ ವೇತನವನ್ನು ಗೊತ್ತುಪಡಿಸಿತು. ತನ್ನ ಸ್ವಂತ ಮನೆಯಲ್ಲಿ ಪರರ ಮಕ್ಕಳನ್ನು ನೋಡಿಕೊಳ್ಳುವ ಹೆಂಗಸು ಈ ಯಾವ ಕೊಡೆಯ ಕೆಳಗೂ ನಿಲ್ಲುವುದಿಲ್ಲ. ಆಕೆಗೆ ಐವರು ಯಜಮಾನರಿದ್ದಾರೆ ಎನ್ನಬಹುದು, ಒಬ್ಬನೂ ಇಲ್ಲವೆಂದೂ ಎನ್ನಬಹುದು. ಕಾಯಿದೆ ಮೌನವಾಗಿರುವೆಡೆಯಲ್ಲಿ ಮನಸ್ಸಾಕ್ಷಿಯೇ ಲೆಕ್ಕ ಹಾಕಬೇಕಾಗುತ್ತದೆ. ಅದಕ್ಕಾಗಿಯೇ ಈ ತಕರಾರು ಕಾರ್ಮಿಕ ಇಲಾಖೆಗೆ ಹೋಗದೆ ಗುರುಮನೆಗೆ ಬರುತ್ತದೆ.

ಮೊದಲು ತಂದೆತಾಯಿಯರ ವಾದವನ್ನು ಅದರ ಪೂರ್ಣ ಬಲದೊಡನೆ ಕೇಳೋಣ. ಹಾಲಿನವನ ಲೆಕ್ಕವನ್ನು ಅವರು ಮುಂದಿಡುತ್ತಾರೆ. ಊರಿಗೆ ಹೋದ ದಿನಗಳಲ್ಲಿ ಹಾಲು ಬೇಡವೆಂದರೆ ಕ್ಯಾಲೆಂಡರಿನಲ್ಲಿ ಆ ದಿನಗಳಿಗೆ ಅಡ್ಡಗೆರೆ ಎಳೆದು ತಿಂಗಳ ಕೊನೆಗೆ ಕಳೆಯುತ್ತೇವೆ. ಹಾಲಿನವನೂ ಮರುಮಾತಿಲ್ಲದೆ ಒಪ್ಪುತ್ತಾನೆ. ಕೊಳ್ಳದ ವಸ್ತುವಿಗೆ ಬೆಲೆ ಏಕೆ? ಈ ವಾದದಲ್ಲಿ ಹುರುಳಿಲ್ಲದಿಲ್ಲ. ಆದರೆ ಇದೇ ಕುಟುಂಬಗಳು ಬೇರೆ ಲೆಕ್ಕಗಳನ್ನೂ ನಡೆಸುತ್ತಿವೆ. ಹದಿನೈದು ದಿನ ಊರಿನಲ್ಲಿದ್ದು ಬಂದೆವೆಂದು ಮನೆಯ ಬಾಡಿಗೆಯಲ್ಲಿ ಅರ್ಧ ಕಳೆದು ಕೊಟ್ಟವರನ್ನು ನಾವು ಈವರೆಗೆ ಕಂಡಿಲ್ಲ. ದಸರಾ ರಜೆಯಿದ್ದ ತಿಂಗಳಲ್ಲಿ ಶಾಲೆಯ ಆಟೋದವನಿಗೆ ತಿಂಗಳ ಹಣ ಪೂರ್ತಿ ಸಲ್ಲುತ್ತದೆ. ಏಕೆಂದರೆ ಬಾಡಿಗೆ ಮನೆಯೂ ಆಟೋದ ಸೀಟೂ ನಮಗಾಗಿ ಕಾದಿರಿಸಿದ ಜಾಗಗಳು. ನಾವಿಲ್ಲದ ದಿನ ಅವನ್ನು ಬೇರೊಬ್ಬರಿಗೆ ಕೊಡಲು ಬರುವುದಿಲ್ಲ. ಹಾಲು ಹಾಗಲ್ಲ. ನಾವು ಬೇಡವೆಂದ ಅರ್ಧ ಲೀಟರನ್ನು ಹಾಲಿನವನು ಮುಂದಿನ ಮನೆಯಲ್ಲಿ ಮಾರುತ್ತಾನೆ.

ಈಗ ಕೇಳಬೇಕಾದ ಪ್ರಶ್ನೆ: ಆಂಟಿಯ ಮನೆ ಹಾಲಿನಂತೆಯೋ, ಬಾಡಿಗೆ ಮನೆಯಂತೆಯೋ? ಐದು ಮಕ್ಕಳಿಗಿಂತ ಹೆಚ್ಚು ಬೇಡವೆಂದು ನಿರ್ಧರಿಸಿದ ಹೆಂಗಸು, ಒಂದು ಮಗು ಎರಡು ವಾರ ಅಜ್ಜಿಯ ಮನೆಗೆ ಹೋಯಿತೆಂದು ಆರನೆಯ ಮಗುವನ್ನು ಎರಡು ವಾರದ ಮಟ್ಟಿಗೆ ಕರೆತರಲು ಸಾಧ್ಯವೇ? ಅಂತಹ ಮಗು ಸಿಗುವುದಿಲ್ಲ. ಸಿಕ್ಕರೂ, ಅದು ಹೊಂದಿಕೊಂಡು ಅಳು ನಿಲ್ಲಿಸುವಷ್ಟರಲ್ಲಿ ಎರಡು ವಾರ ಮುಗಿದಿರುತ್ತದೆ. ಗ್ಯಾಸು, ಬಾಡಿಗೆ, ಮಧ್ಯಾಹ್ನದ ಅಡುಗೆ ಯಾವುದೂ ಐದರಲ್ಲೊಂದು ಪಾಲು ಇಳಿಯುವುದಿಲ್ಲ. ಆದುದರಿಂದ ಮಗುವಿನ ಕಡೆಯಿಂದ ಆಗುವ ಗೈರುಹಾಜರಿಗೆ, ಅಂದರೆ ಊರ ಹಬ್ಬ, ಮದುವೆ, ತಾಯಿಯ ರಜೆ ಇತ್ಯಾದಿಗಳಿಗೆ, ಹಣ ಕಡಿತ ಮಾಡುವುದು ನ್ಯಾಯವಲ್ಲವೆಂಬುದರಲ್ಲಿ ನಮಗೆ ಸಂದೇಹವಿಲ್ಲ. ನಾವು ಕೊಡುವುದು ಮಗು ಅಲ್ಲಿ ಕಳೆದ ಗಂಟೆಗಳಿಗಲ್ಲ, ಮಗುವಿಗೆಂದು ಕಾದಿಟ್ಟ ಮಡಿಲಿಗೆ.

ಕಠಿಣವಾದುದು ಇದರ ಇನ್ನೊಂದು ಮಗ್ಗುಲು. ಆಕೆಯೇ ಬಾಗಿಲು ಮುಚ್ಚಿದ ದಿನಗಳ ಗತಿಯೇನು? ಕಾದಿರಿಸಿದ ಜಾಗವೆಂಬ ವಾದ ಇಲ್ಲಿ ನಿಲ್ಲುವುದಿಲ್ಲ. ಮನೆಯ ಮಾಲೀಕನೇ ಬೀಗ ಹಾಕಿಕೊಂಡು ಹೋದರೆ ಬಾಡಿಗೆ ಕೊಡುವವರುಂಟೇ? ಆದುದರಿಂದ ಈ ಬಗೆಯ ರಜೆಗೆ ಬೇರೊಂದು ಆಧಾರವನ್ನು ಹುಡುಕಬೇಕು.

ಆ ಆಧಾರ ನಮ್ಮ ಧರ್ಮಸಭೆಯ ಬೋಧನೆಯಲ್ಲಿ ಬಹುಕಾಲದಿಂದ ಇದೆ. 1891ರಲ್ಲಿ ಹದಿಮೂರನೆಯ ಲಿಯೋ ಜಗದ್ಗುರುಗಳು ಹೊರಡಿಸಿದ 'ರೇರುಂ ನೊವಾರುಂ' ಪತ್ರವು, ದುಡಿಯುವವನು ಒಪ್ಪಿದನೆಂಬ ಒಂದೇ ಕಾರಣದಿಂದ ಕೂಲಿ ನ್ಯಾಯವಾಗುವುದಿಲ್ಲ, ಮಿತವಾಗಿ ಬದುಕುವ ದುಡಿಮೆಗಾರನನ್ನು ಅದು ಪೊರೆಯುವಂತಿರಬೇಕು ಎಂದು ಸಾರಿತು. 2025ರ ಮೇ ತಿಂಗಳಲ್ಲಿ ಆಯ್ಕೆಯಾದ ಹದಿನಾಲ್ಕನೆಯ ಲಿಯೋ ಜಗದ್ಗುರುಗಳು ತಾವು ಆ ಹೆಸರನ್ನು ಆರಿಸಿಕೊಳ್ಳಲು ಅದೇ ಪತ್ರ ಮುಖ್ಯ ಕಾರಣವೆಂದು ತಿಳಿಸಿದುದನ್ನು ಓದುಗರು ನೆನಪಿಟ್ಟಿರಬಹುದು. 1981ರ 'ಲಬೋರೆಮ್ ಎಕ್ಸೆರ್ಚೆನ್ಸ್' ಪತ್ರದಲ್ಲಿ ಸಂತ ಎರಡನೆಯ ಜಾನ್ ಪಾಲರು, ವಾರಕ್ಕೊಮ್ಮೆ ವಿಶ್ರಾಂತಿಯನ್ನೂ ವರ್ಷಕ್ಕೊಮ್ಮೆ ದೀರ್ಘವಾದ ಬಿಡುವನ್ನೂ ದುಡಿಯುವವರ ಹಕ್ಕುಗಳಲ್ಲಿ ಎಣಿಸಿದರು. ಇವೆಲ್ಲಕ್ಕಿಂತ ಹಿಂದೆ ಧರ್ಮೋಪದೇಶಕಾಂಡವು ಸಬ್ಬತ್ ದಿನದ ಆಜ್ಞೆಯನ್ನು ಕೊಡುವಾಗ ಮನೆಯೊಡೆಯನ ಜೊತೆಗೆ ಅವನ ಆಳುಕಾಳುಗಳೂ ವಿಶ್ರಮಿಸಬೇಕೆಂದು ಒತ್ತಿ ಹೇಳುತ್ತದೆ. ಕೂಲಿಯವನ ಕೂಲಿಯನ್ನು ಹೊತ್ತು ಮುಳುಗುವುದರೊಳಗೆ ಕೊಡಬೇಕೆನ್ನುವುದೂ ಅದೇ ಗ್ರಂಥ. ದ್ರಾಕ್ಷಿತೋಟದ ಕೂಲಿಗಳ ಸಾಮತಿಯನ್ನೂ ಕೆಲವರು ಇಲ್ಲಿಗೆ ಎಳೆದು ತರುವುದುಂಟು. ನಮಗದು ಅಷ್ಟಾಗಿ ಒಪ್ಪಿಗೆಯಿಲ್ಲ. ಯೇಸುಸ್ವಾಮಿ ಅಲ್ಲಿ ಹೇಳುತ್ತಿದ್ದುದು ಸ್ವರ್ಗಸಾಮ್ರಾಜ್ಯದ ವಿಷಯ, ಸಂಬಳದ ಪಟ್ಟಿಯನ್ನಲ್ಲ.

ವಿಶ್ರಾಂತಿ ದುಡಿಮೆಯ ಭಾಗವೇ ಆಗಿದ್ದರೆ, ವಿಶ್ರಾಂತಿಯ ಖರ್ಚೂ ಕೂಲಿಯ ಭಾಗವೇ ಆಗಬೇಕು. ನಮ್ಮ ಓದುಗರಲ್ಲಿ ಬ್ಯಾಂಕು, ಶಾಲೆ, ಸರ್ಕಾರಿ ಕಚೇರಿಗಳಲ್ಲಿ ಇರುವವರು ಇದನ್ನು ತಮ್ಮ ಮಟ್ಟಿಗೆ ಎಂದೋ ಒಪ್ಪಿಕೊಂಡಿದ್ದಾರೆ. ಕ್ರಿಸ್ಮಸ್ ದಿನ ಅವರ ಸಂಬಳ ನಿಲ್ಲುವುದಿಲ್ಲ. ಗಳಿಕೆ ರಜೆ ಹಾಕಿ ವೇಳಾಂಕಣ್ಣಿಗೆ ಹೋದರೆ ಆ ದಿನಗಳ ಸಂಬಳವೂ ಖಾತೆಗೆ ಬಂದು ಬೀಳುತ್ತದೆ. ಸಂಬಳ ಸಹಿತ ರಜೆಯಲ್ಲಿ ಮನೆಯಲ್ಲಿ ಕುಳಿತ ತಾಯಿ, ಅದೇ ದಿನ ತನ್ನ ಮಗುವನ್ನು ನೋಡಿಕೊಳ್ಳುವವಳ ಹಣವನ್ನು ಕಡಿದುಕೊಳ್ಳುವುದನ್ನು ಯಾವ ತರ್ಕದಿಂದ ಸಮರ್ಥಿಸಿಕೊಳ್ಳಬಹುದೆಂದು ನಾವು ಯೋಚಿಸಿ ನೋಡಿದ್ದೇವೆ. ತಾನು ನೌಕರಳು, ಆಕೆ ವ್ಯಾಪಾರಿ ಎಂಬ ಒಂದೇ ತರ್ಕ ಉಳಿಯುತ್ತದೆ. ಆದರೆ ಮಗುವನ್ನು ಒಪ್ಪಿಸುವಾಗ "ನಿಮ್ಮ ಸ್ವಂತ ಮಗುವಿನಂತೆ ನೋಡಿಕೊಳ್ಳಿ ಆಂಟಿ" ಎಂದು ಕೈಹಿಡಿದು ಕೇಳಿದುದು ವ್ಯಾಪಾರಿಯನ್ನಲ್ಲವಷ್ಟೆ.

ಲೆಕ್ಕವನ್ನೂ ಒಮ್ಮೆ ಮಾಡಿಯೇ ಬಿಡೋಣ. ಮಗುವೊಂದಕ್ಕೆ ತಿಂಗಳಿಗೆ 4,000 ರೂಪಾಯಿ, ಐದು ಮಕ್ಕಳು, ತಿಂಗಳಿಗೆ 26 ದಿನದ ಕೆಲಸ ಎಂದಿಟ್ಟುಕೊಳ್ಳಿ. ಒಂದು ದಿನದ ಪಾಲು ಒಂದು ಕುಟುಂಬಕ್ಕೆ ಸುಮಾರು 154 ರೂಪಾಯಿ. ವರ್ಷಕ್ಕೆ 12 ದಿನ ಆಕೆ ಹಣ ಸಹಿತ ರಜೆ ಪಡೆದರೆ ಪ್ರತಿ ಕುಟುಂಬದ ಮೇಲೆ ಬೀಳುವ ಹೊರೆ ತಿಂಗಳಿಗೆ ಆ 154 ರೂಪಾಯಿ ಮಾತ್ರ. ಅದೇ 12 ದಿನಗಳನ್ನು ಐವರೂ ಕಡಿತ ಮಾಡಿದರೆ ಆಕೆ ಕಳೆದುಕೊಳ್ಳುವುದು 9,200 ರೂಪಾಯಿಗೂ ಹೆಚ್ಚು. ಆಕೆಯ ತಿಂಗಳ ಗಳಿಕೆಯ ಅರ್ಧಕ್ಕೆ ಹತ್ತಿರ. ಅದರಲ್ಲೂ ಕಡಿತ ಬೀಳುವುದು ಹೆಚ್ಚಾಗಿ ಡಿಸೆಂಬರಿನಲ್ಲಿ, ಆಕೆಯ ಮಕ್ಕಳಿಗೆ ಹೊಸ ಬಟ್ಟೆ ಬೇಕಾದಾಗ, ಗೋದಲಿ ಕಟ್ಟುವಾಗ. ಐದು ಮನೆಗಳಲ್ಲಿ ಹಂಚಿಹೋದಾಗ ಗಮನಕ್ಕೂ ಬಾರದ ಹೊರೆ, ಒಂದೇ ಮನೆಯ ಮೇಲೆ ಬಿದ್ದಾಗ ಬೆನ್ನು ಮುರಿಯುತ್ತದೆ.

ಕಾಯಿಲೆಯ ದಿನಗಳ ವಿಷಯ ಇನ್ನೂ ಸೂಕ್ಷ್ಮ. ಜ್ವರ ಬಂದ ದಿನ ಬಾಗಿಲು ಮುಚ್ಚಿದರೆ ಹಣ ಹೋಗುತ್ತದೆಂದು ತಿಳಿದ ಹೆಂಗಸು ಏನು ಮಾಡುತ್ತಾಳೆ? ಮಾತ್ರೆ ನುಂಗಿ, ಸೆರಗಿನಿಂದ ಮೂಗು ಒರೆಸಿಕೊಂಡು, ನಿಮ್ಮ ಎಂಟು ತಿಂಗಳ ಕೂಸನ್ನು ಎತ್ತಿಕೊಳ್ಳುತ್ತಾಳೆ. ಆ ದಿನದ 154 ರೂಪಾಯಿ ಉಳಿಸಿದ ತಂದೆ ಮುಂದಿನ ವಾರ ಮಕ್ಕಳ ವೈದ್ಯರಿಗೆ ಅದರ ಹಲವು ಪಟ್ಟು ಕೊಡುತ್ತಾನೆ. ಇದು ಎರಡೂ ಕಡೆಗೆ ಅನ್ವಯಿಸುವ ಮಾತು. ಬೆಳಿಗ್ಗೆ ಮಗುವಿಗೆ ಜ್ವರದ ಸಿರಪ್ ಕುಡಿಸಿ, ಮೈ ತಣ್ಣಗಾದ ಕೂಡಲೇ ತಂದು ಬಿಟ್ಟು, ಮಧ್ಯಾಹ್ನ ಫೋನ್ ಬಂದಾಗ ಆಶ್ಚರ್ಯಪಡುವ ತಂದೆತಾಯಿಯರಿದ್ದಾರೆ. ಕೊಟ್ಟ ಹಣ ವ್ಯರ್ಥವಾಗಬಾರದೆಂಬ ಆಸೆಯೂ, ತನ್ನ ರಜೆ ಉಳಿಸಿಕೊಳ್ಳಬೇಕೆಂಬ ಒತ್ತಡವೂ ಅದರ ಹಿಂದಿರುತ್ತದೆ. ಉಳಿದ ನಾಲ್ಕು ಮಕ್ಕಳ ಯೋಗಕ್ಷೇಮ ಯಾರ ಲೆಕ್ಕದಲ್ಲಿದೆ?

ಇಷ್ಟು ಹೇಳಿದ ಮೇಲೆ, ಮಕ್ಕಳನ್ನು ನೋಡಿಕೊಳ್ಳುವ ತಾಯಂದಿರಿಗೂ ನಾವು ಹೇಳಬೇಕಾದುದಿದೆ. ರಜೆಗೆ ಹಣ ಕೇಳುವುದು ನ್ಯಾಯವೆಂದ ಮಾತ್ರಕ್ಕೆ ಎಷ್ಟು ರಜೆಗಾದರೂ ಕೇಳಬಹುದೆಂದಲ್ಲ. ಆಗಸ್ಟ್ 29ರಂದು ಶಿವಾಜಿನಗರದಲ್ಲಿ ಮಾತೆ ಮರಿಯಮ್ಮನವರ ಹಬ್ಬದ ನೊವೆನಾ ಆರಂಭವಾಗುತ್ತಲೇ ಬಾಗಿಲು ಮುಚ್ಚಿ ಸೆಪ್ಟೆಂಬರ್ 8 ಕಳೆದ ಮೇಲೆ ತೆರೆಯುವುದು, ಮೇ ತಿಂಗಳಲ್ಲಿ ಮತ್ತೆ ಎರಡು ವಾರ, ಕ್ರಿಸ್ಮಸ್ಸಿಗೆ ಒಂಬತ್ತು ದಿನ, ಎಲ್ಲಕ್ಕೂ ಪೂರ್ತಿ ಹಣ ಎಂದರೆ ಅದನ್ನು ಭಕ್ತಿಯ ಹೆಸರಿನಲ್ಲೂ ಒಪ್ಪಲಾಗದು. ರಾತ್ರಿ ಒಂಬತ್ತು ಗಂಟೆಗೆ ವಾಟ್ಸಾಪಿನಲ್ಲಿ "ನಾಳೆ ಇಲ್ಲ" ಎಂಬ ಎರಡು ಪದ ಕಳುಹಿಸಿ ಮಲಗುವವರೂ ಇದ್ದಾರೆ. ಬೆಳಿಗ್ಗೆ ಆ ತಾಯಿ ಮಗುವನ್ನು ಎತ್ತಿಕೊಂಡು ಯಾರ ಬಾಗಿಲಿಗೆ ಹೋಗಬೇಕು? ಕೇಳಿದರೆ "ಬೇರೆ ಎಲ್ಲಾದರೂ ಬಿಟ್ಟುಕೊಳ್ಳಲಿ ನೋಡೋಣ" ಎಂಬ ಉತ್ತರ.

ಸೆಮಿನರಿಯಲ್ಲಿ ಓದಿದ ಸಂತ ಅಕ್ವಿನೊದ ತೋಮಸರು ಇಂತಹ ಉತ್ತರವನ್ನು ಕೇಳಿದಾಗಲೆಲ್ಲ ನಮಗೆ ನೆನಪಾಗುತ್ತಾರೆ. ಕ್ರಯವಿಕ್ರಯದ ನ್ಯಾಯವನ್ನು ವಿಚಾರಿಸುವಾಗ ಅವರು ಒಂದು ಸೊಗಸಾದ ಭೇದವನ್ನು ತೋರಿಸುತ್ತಾರೆ. ವಸ್ತುವನ್ನು ಬಿಟ್ಟುಕೊಡುವುದರಿಂದ ಮಾರುವವನಿಗೆ ನಷ್ಟವಾಗುವುದಾದರೆ ಆ ನಷ್ಟವನ್ನು ಬೆಲೆಯಲ್ಲಿ ಸೇರಿಸಿಕೊಳ್ಳಬಹುದು. ಆದರೆ ಕೊಳ್ಳುವವನಿಗೆ ಅದರಿಂದ ಬಹಳ ಪ್ರಯೋಜನವಿದೆ ಎಂಬುದನ್ನೇ ನೋಡಿ ಬೆಲೆ ಏರಿಸುವಂತಿಲ್ಲ, ಏಕೆಂದರೆ ಆ ಪ್ರಯೋಜನವು ಮಾರುವವನದಲ್ಲ. ಸೀಟು ಖಾಲಿ ಉಳಿದರೆ ಆಕೆಗೆ ನಷ್ಟ. ಅದಕ್ಕೆ ಹಣ ಕೇಳಲಿ. ವಿಶ್ರಾಂತಿಯಿಲ್ಲದೆ ದುಡಿದರೆ ಆಕೆಯ ಆರೋಗ್ಯಕ್ಕೆ ನಷ್ಟ, ಅದಕ್ಕೂ ಕೇಳಲಿ. ತಾಯಿಗೆ ಬೇರೆ ಗತಿಯಿಲ್ಲವೆಂಬುದನ್ನು ಮಾತ್ರ ಬೆಲೆಯಾಗಿಸಬಾರದು.

ಬೇರೆ ಗತಿಯಿಲ್ಲದ ತಾಯಿ ಎಂದಾಗ ಗಾರ್ಮೆಂಟ್ಸ್ ಕಾರ್ಖಾನೆಗೆ ಹೋಗುವ ನಮ್ಮ ಹೆಣ್ಣುಮಕ್ಕಳನ್ನು ಕುರಿತು ಹೇಳದಿರಲಾಗದು. ಬ್ಯಾಂಕಿನ ಉದ್ಯೋಗಿಯ ವಿಷಯದಲ್ಲಿ ಸಲೀಸಾಗಿ ಸಾಗಿದ ನಮ್ಮ ತರ್ಕ ಇಲ್ಲಿ ಎಡವುತ್ತದೆ. ಆಂಟಿ ಹಠಾತ್ತನೆ ರಜೆ ಹಾಕಿದ ದಿನ ಈಕೆ ಕೆಲಸಕ್ಕೆ ಹೋಗಲಾರಳು. ಇದ್ದ ರಜೆಯೆಲ್ಲ ಮಗುವಿನ ಕಾಯಿಲೆಗೇ ಮುಗಿದಿದ್ದರೆ ಆ ದಿನದ ಸಂಬಳ ಖೋತಾ. ಮೇಲ್ವಿಚಾರಕನ ಬೈಗುಳ ಬೇರೆ. ಅದರ ಮೇಲೆ ಆಂಟಿಗೂ ಹಣ ಕೊಡಬೇಕೆಂದರೆ ಒಂದೇ ದಿನಕ್ಕೆ ಎರಡು ನಷ್ಟ. ಇಬ್ಬರು ಬಡವರ ನಡುವೆ ಒಂದು ದಿನದ ಕೂಲಿಯನ್ನಿಟ್ಟು ಯಾರದೆಂದು ತೀರ್ಮಾನಿಸುವುದು ಸುಲಭವಲ್ಲ, ಹಾಗೂ ಸೊಲೊಮೋನನ ಜ್ಞಾನ ನಮಗಿಲ್ಲ. ಆದರೂ ನಮ್ಮ ಅಭಿಪ್ರಾಯವನ್ನು ಹೇಳಿಬಿಡುತ್ತೇವೆ: ಮೊದಲೇ ತಿಳಿಸಿದ, ಮಿತಿಯೊಳಗಿನ ರಜೆಗೆ ಎಲ್ಲರೂ ಕೊಡಲಿ, ಮುನ್ಸೂಚನೆಯಿಲ್ಲದೆ ಹಾಕಿದ ರಜೆಯಿಂದ ಯಾವ ತಾಯಿ ತನ್ನ ಸಂಬಳವನ್ನೇ ಕಳೆದುಕೊಂಡಳೋ ಆಕೆಯಿಂದ ಆ ದಿನದ ಹಣವನ್ನು ಕೇಳಬಾರದು. ಸಂಬಳ ಸಹಿತ ರಜೆಯಿರುವ ಕುಟುಂಬಗಳು ಆ ಕೊರತೆಯನ್ನು ಹೊತ್ತುಕೊಂಡರೆ ಯಾರೂ ಬಡವರಾಗುವುದಿಲ್ಲ. ಹಾಗೆ ಮಾಡುತ್ತಿರುವ ಒಂದೆರಡು ಮನೆಗಳನ್ನು ನಾವು ಬಲ್ಲೆವು.

2020ರ ಲಾಕ್‌ಡೌನ್ ದಿನಗಳನ್ನು ಎತ್ತಿ ಕೇಳುವವರಿಗೆ ಒಂದು ಮಾತು. ಆ ಮಾರ್ಚ್ 29ರಂದು ಕೇಂದ್ರ ಗೃಹ ಇಲಾಖೆಯು, ಮುಚ್ಚಿದ ಅವಧಿಗೂ ಕಡಿತವಿಲ್ಲದೆ ಸಂಬಳ ಕೊಡುವಂತೆ ಕೈಗಾರಿಕೆಗಳಿಗೂ ಅಂಗಡಿ, ವಾಣಿಜ್ಯ ಸಂಸ್ಥೆಗಳಿಗೂ ಆದೇಶ ನೀಡಿತು. ಮೇ ತಿಂಗಳಲ್ಲಿ ಅದನ್ನು ಕೈಬಿಡಲಾಯಿತು. ಆಂಟಿಯರ ಮನೆಗಳು ಆ ಆದೇಶದ ನೆನಪಿನಲ್ಲೂ ಇರಲಿಲ್ಲ. ಯಾರ ತಪ್ಪೂ ಇಲ್ಲದೆ ತಿಂಗಳುಗಟ್ಟಲೆ ಬಾಗಿಲು ಮುಚ್ಚಿದಾಗ ಪೂರ್ತಿ ಹಣ ಕೇಳುವುದೂ ಸರಿಯಲ್ಲ, ಏನನ್ನೂ ಕೊಡದಿರುವುದೂ ಸರಿಯಲ್ಲ. ನಷ್ಟವನ್ನು ಹಂಚಿಕೊಳ್ಳುವುದೇ ಮಾರ್ಗ. ಆಗ ತಮ್ಮ ಸಂಬಳವೇ ಅರ್ಧವಾಗಿದ್ದರೂ ಆಂಟಿಗೆ ಅರ್ಧ ಹಣ ಕಳುಹಿಸುತ್ತಿದ್ದ ಕುಟುಂಬಗಳಿದ್ದವು.

ಹೆಚ್ಚಿನ ಜಗಳಗಳ ಮೂಲ ದುರಾಸೆಯಲ್ಲ, ಮೊದಲ ದಿನದ ಸಂಕೋಚ. ಮಗುವನ್ನು ಒಪ್ಪಿಸುವ ದಿನ ಹಣದ ಮಾತು ಎತ್ತಲು ಇಬ್ಬರಿಗೂ ನಾಚಿಕೆ. "ಅದಕ್ಕೇನಂತೆ, ನಮ್ಮವರೇ ಅಲ್ಲವೇ" ಎಂದು ತೇಲಿಸಿಬಿಡುತ್ತಾರೆ. ನಮ್ಮವರೇ ಆದುದರಿಂದಲೇ ಅರ್ಧ ಹಾಳೆಯಲ್ಲಿ ಬರೆದಿಟ್ಟುಕೊಳ್ಳಬೇಕೆಂದು ನಾವು ಹೇಳುತ್ತೇವೆ. ಭಾನುವಾರಗಳನ್ನು ಬಿಟ್ಟು ವರ್ಷಕ್ಕೆ ಇಷ್ಟು ದಿನ ಹಣ ಸಹಿತ ರಜೆ, ನಮ್ಮ ಎಣಿಕೆಯಲ್ಲಿ ಹನ್ನೆರಡರಿಂದ ಹದಿನೈದು. ಅದರಲ್ಲಿ ಹಬ್ಬದ ದಿನಗಳು ಯಾವುವು, ಕಾಯಿಲೆಗೆ ಎಷ್ಟು. ಅದಕ್ಕೆ ಮೀರಿದರೆ ದಿನಕ್ಕೆ ಎಷ್ಟು ಕಡಿತ. ಮುಚ್ಚುವ ದಿನಗಳನ್ನು ಎಷ್ಟು ವಾರ ಮುಂಚೆ ತಿಳಿಸಬೇಕು. ಮಗು ಇಡೀ ತಿಂಗಳು ಬಾರದಿದ್ದರೆ ಜಾಗ ಕಾದಿರಿಸಲು ಎಷ್ಟು. ಸಂಜೆ ತಡವಾಗಿ ಬಂದು ಕರೆದೊಯ್ಯುವುದನ್ನೂ ಬರೆಯಬಹುದು. ರಜೆಯ ಲೆಕ್ಕವನ್ನು ಪೈಸೆಗೆ ಪೈಸೆ ಇಡುವ ಕೆಲವರು ಏಳೂವರೆಗೆ ಬಂದುದನ್ನು ಎಂದೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಕಾಗದಕ್ಕೆ ಇಬ್ಬರೂ ಸಹಿ ಹಾಕಿ ಒಂದೊಂದು ಪ್ರತಿ ಇಟ್ಟುಕೊಳ್ಳಲಿ. ಜನವರಿಯಲ್ಲಿ ಹೊಸ ಕ್ಯಾಲೆಂಡರ್ ತೂಗುಹಾಕುವಾಗಲೇ ಆ ವರ್ಷದ ರಜೆಗಳನ್ನು ಗುರುತಿಸಿ ಕೊಟ್ಟರೆ, ತಾಯಂದಿರೂ ತಮ್ಮ ರಜೆಯನ್ನು ಅವೇ ದಿನಗಳಿಗೆ ಹೊಂದಿಸಿಕೊಳ್ಳಬಹುದು.

ಕಳೆದ ವರ್ಷ ಈ ಮಾತುಗಳನ್ನೆಲ್ಲ ಒಂದು ಬೀದಿಯ ಐದು ಕುಟುಂಬಗಳ ಮುಂದೆ ಹೇಳಿ, ವರ್ಷಕ್ಕೆ 14 ದಿನವೆಂದು ಒಪ್ಪಿಸಿ, ಕಾಗದ ಬರೆಸಿದ್ದಾಯಿತು. ಎಲ್ಲರೂ ಹೊರಟ ಮೇಲೆ, ಮಕ್ಕಳನ್ನು ನೋಡಿಕೊಳ್ಳುವ ಆ ತಾಯಿಯನ್ನು ಒಂದು ಪ್ರಶ್ನೆ ಕೇಳಿದೆವು. ಮಕ್ಕಳ ಬಟ್ಟೆ ಒಗೆಯಲು, ನೆಲ ಒರೆಸಲು ಬೆಳಿಗ್ಗೆ ಒಬ್ಬ ಹುಡುಗಿ ಬರುತ್ತಾಳಲ್ಲ, ಈ 14 ದಿನಗಳಲ್ಲಿ ಅವಳ ಸಂಬಳದ ಕಥೆ ಏನು? ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದರು. "ಅವಳಿಗೆ ದಿನಗೂಲಿ, ಸ್ವಾಮಿ" ಎಂದರು. ಆಮೇಲೆ ಮೇಜಿನ ಮೇಲಿದ್ದ ತಮ್ಮ ಪ್ರತಿಯನ್ನು ಮತ್ತೆ ಕೈಗೆತ್ತಿಕೊಂಡು, ಹಿಂಬದಿಯಲ್ಲಿ ಇನ್ನೊಂದು ಸಾಲು ಬರೆಯಲು ಪೆನ್ನು ಕೇಳಿದರು.